ಕಡಂಗಕೆರೆಯಿಂದ ಉತ್ತರ

ಹೆಡ್ವಿಗ್ ಮೇಡಂ,
ನಿಮ್ಮ ಕಾಗದ ತಲುಪಿತು, ಇಪ್ಪತ್ತಾರು ದಿನ ತಡವಾಗಿ.
ನೀವು ಬರೆಯುವ ಒಂದು ನಮ್ಮ ಕಣ್ಣಿಗೆ ಏಳು;
ಪಿನ್‌ಕೋಡು ತಪ್ಪಿ ಅದು ಶಿವಮೊಗ್ಗ ನೋಡಿಕೊಂಡು ಬಂತು.
ಮೂವತ್ತೊಂದು ವರ್ಷ ಅಂಚೆಯ ಮೊಹರು ಒತ್ತಿದವಳು ನಾನು,
ಇಂಥದ್ದು ಬಹಳ ಕಂಡಿದ್ದೇನೆ.

ಇದನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.
ಇಂಗ್ಲಿಷಿಗೆ ಇಳಿಸುವಾಗ
ಸೋರದೆ ಉಳಿದಷ್ಟು ನಿಮಗೆ.

ಊರಿನ ಭೂಗೋಳ, ಚರಿತ್ರೆ ಕೇಳಿದ್ದೀರಿ, ಚಿಕ್ಕದಾಗಿ.
ನಿಮ್ಮೂರಿನದು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ:
ಆರುನೂರ ಹನ್ನೆರಡು ಜನ, ಸರೋವರದ ಬಡಗಣ ದಂಡೆ,
ಹಾವಿನಂಥ ಮೀನು,
ಚಳಿಗಾಲದಲ್ಲಿ ನೀರಿನ ಮೇಲೆಯೇ ನಡೆದು ಆಚೆ ದಡಕ್ಕೆ.
ಬೊಳ್ಚಿಗೆ ಓದಿ ಹೇಳಿದೆ.
ಅವಳು ಬಹಳ ಹೊತ್ತು ಎಲೆಯಡಿಕೆ ಜಗಿದು
'ಹಾಗಾದ್ರೆ ಮೀನು ಉಸಿರಾಡೋದು ಎಲ್ಲಿಂದ?' ಅಂದಳು.
ಇದಕ್ಕೆ ಮರೆಯದೆ ಉತ್ತರ ಬರೆಯಿರಿ.

ನಮ್ಮದು ಸರೋವರ ಅಲ್ಲ, ಕೆರೆ. ಕಟ್ಟಿದ್ದು.
ಮೂಡಲಿಗೆ ಏರಿ, ಪಡುವಲಿಗೆ ದೇವರಕಾಡು,
ತೆಂಕಲಿಗೆ ಗದ್ದೆಬಯಲು, ಬಡಗಲಿಗೆ ಕಡಂಗ.
ಕಡಂಗವೆಂದರೆ ಯುದ್ಧದ ಅಗಳು;
ಯಾವ ದೊರೆ ಯಾರಿಗೆ ಹೆದರಿ ತೋಡಿಸಿದನೋ,
ಹೆದರಿದವನೂ ಇಲ್ಲ, ಹೆದರಿಸಿದವನೂ ಇಲ್ಲ.
ಆನೆ ಮಾತ್ರ ಈಗಲೂ ಅದರ ಅಂಚಿಗೆ ನಿಂತು
ದಾಟಲೋ ಬೇಡವೋ ಎಂದು ಲೆಕ್ಕ ಹಾಕುತ್ತದೆ.
ಆಳ, ಸರಕಾರದ ಪ್ರಕಾರ ಹದಿನಾಲ್ಕು ಅಡಿ;
ಮೀನಿನ ಮೊಯ್ದುವಿನ ಪ್ರಕಾರ ವರ್ಷಕ್ಕೊಂದು.

ಚರಿತ್ರೆಗೆ ದಾಖಲೆ ಕಡಿಮೆ.
ನೆಲವನ್ನು ಬಟ್ಟಿಯಲ್ಲಿ ಅಳೆದವರು
ಬುಟ್ಟಿ ಹೊತ್ತವರನ್ನು ಎಣಿಸಲಿಲ್ಲ.
ಏರಿಗೆ ಮಣ್ಣು ಹೊತ್ತದ್ದು ಬೊಳ್ಚಿಯ ಹಿರಿಯರು,
ಜಮ್ಮದ ಪುಸ್ತಕದಲ್ಲಿರುವುದು ನನ್ನ ಮನೆತನದ ಹೆಸರು.
(ಇಲ್ಲಿ ಪೆನ್ನು ಸ್ವಲ್ಪ ನಿಂತಿತು.)
ಕಿತ್ತಳೆ ಇತ್ತು, ರೋಗ ಬಿದ್ದು ಹೋಯಿತು. ಕಾಫಿ ಬಂತು, ಇದೆ.
ಗುಡ್ಡ ಜಾರಿದ ವರ್ಷ ಕೆರೆ ಮೂರು ದಿನ ಕೆಂಪಗೆ ಕುದಿದು
ನಾಲ್ಕನೆಯ ದಿನ, ಏನೂ ಕಾಣದವರ ಹಾಗೆ,
ಆಕಾಶ ಹೊದ್ದು ಮಲಗಿತು.

ಇನ್ನು ಪಾದ್ರಿಯವರು, ನಿಮ್ಮ ಮುತ್ತಜ್ಜನ ತಂದೆ.
ಎರಡು ಮಳೆಗಾಲ ಇಲ್ಲಿದ್ದು, ಹುಲ್ಲಿನ ಶಾಲೆ ಹಾಕಿ,
ಕೆರೆಯ ಚಿತ್ರ ಬರೆದು, ಕೆಳಗೆ
'ಥೇಟು ನಮ್ಮೂರು' ಎಂದು ಗೀಚಿದ್ದಾರೆಂದು
ನೀವೇ ಅರ್ಥ ಬಿಡಿಸಿದ್ದೀರಿ.
ಥೇಟು ಅಲ್ಲ ಮೇಡಂ. ಚಿತ್ರದಲ್ಲಿ ಹಿಂದಿನ ಗುಡ್ಡವೇ ಇಲ್ಲ.
ಮನೆ ನೆನಪಾದವರಿಗೆ
ಅಡ್ಡ ಬಂದ ಗುಡ್ಡ ಕಾಣುವುದಿಲ್ಲ.

ಅವರ ಕೂಸಿನ ಕಲ್ಲು ಇದೆಯೇ ಎಂದು ಕೇಳಿದ್ದೀರಿ.
ಇದೆ.
ಎಲ್ಲಿ ಎಂದು ಬರೆಯಲು ನಾಲ್ಕು ಹಾಳೆ ಹರಿದೆ.
ಅದು ನಾವು ಬಟ್ಟೆ ಒಗೆಯುವ ಕಲ್ಲು.
ಏರಿ ಒಡೆದ ಯಾವುದೋ ಆಟಿಯಲ್ಲಿ ಉರುಳಿರಬೇಕು,
ಅಕ್ಷರ ಅಡಿಮುಖ, ನನಗೂ ಗೊತ್ತಿರಲಿಲ್ಲ.
ನಿಮ್ಮ ಕಾಗದ ಓದಿದ ಮೇಲೆ ಸೆರಗು ಕಟ್ಟಿ ನೀರಿಗಿಳಿದು
ಅಡಿಗೆ ಕೈ ಹಾಕಿ ತಡವಿದೆ:
ಪಾಚಿ. ಒಂದು ಏಡಿ. ಆಮೇಲೆ ಗೆರೆಗಳು.
ಒಂದೋ ಏಳೋ
ಬೆರಳಿಗೆ ತಿಳಿಯದ ಒಂದು ಅಂಕಿ.

ಇಲ್ಲಿಯ ಹೆಂಗಸರು ಒಗೆಯುವ ಮುಂಚೆ
ಆ ಕಲ್ಲಿಗೆ ಒಂದು ಬೊಗಸೆ ನೀರು ಹೊಯ್ಯುತ್ತಾರೆ.
ಯಾಕೆ ಎಂದರೆ ಬೊಳ್ಚಿ, 'ಅವ್ವ ಹೊಯ್ತಿದ್ಲು.'
ಅವಳವ್ವ?
'ಅವ್ಳೂ.'
ಬಿಸಿಲಿಗೆ ಕಾದ ಕಲ್ಲು, ತಣಿಸಲು ಇರಬಹುದು.
ಇಲ್ಲದ್ದನ್ನು ಕಟ್ಟಿ ಹೇಳಲಾರೆ.

ಎತ್ತಿ ನಿಲ್ಲಿಸಬೇಕೇ, ತಿಳಿಸಿ.
ನಾಲ್ಕು ಆಳು, ಒಂದು ಹಗ್ಗ ಸಾಕು.
ಬೇಡವೆಂದರೆ ಸೋಮವಾರ
ನನ್ನ ಕಂಬಳಿ ಒಗೆಯುವುದಿದೆ.
ಬೊಗಸೆ ನೀರು ನಾನೇ ಹೊಯ್ಯುತ್ತೇನೆ.

ಇತಿ, ಕೊಳುವಂಡ ದೇಚಮ್ಮ.
ಮರೆತೆ: ಮುಂದಿನ ಸಲ ಒಂದನ್ನು
ಬರೀ ಒಂದು ನೆಟ್ಟನೆಯ ಗೀಟಾಗಿ ಬರೆಯಿರಿ.